ಅಚ್ಚಿನಲ್ಲಿ ಬಿಟ್ಟ ಎಳೆ

ಆ ಮಗ್ಗವನ್ನು ಅಷ್ಟು ಚೊಕ್ಕಟವಾಗಿ ಪಂಕಜಂ ಯಾವತ್ತೂ ನೋಡಿರಲಿಲ್ಲ.

ಮರಕ್ಕೆಲ್ಲ ಎಣ್ಣೆ ಹಚ್ಚಿ ಒರೆಸಿದ್ದರು. ಲಾಳಿಗೆ ಗಂಧ ಕುಂಕುಮ ಇಟ್ಟಿದ್ದರು. ಹಾಸಿನ, ಅಂದರೆ ಉದ್ದಕ್ಕೆ ಓಡುವ, ಎಳೆಗಳನ್ನು ಒಂದೊಂದಾಗಿ ಹಿಡಿದಿಡುವ ಬಿದಿರಿನ ಅಚ್ಚು, ಈಗ ತಾನೇ ಸಂತೆಯಲ್ಲಿ ಕೊಂಡ ಬಾಚಣಿಗೆಯ ಹಾಗೆ ಬೋಳಾಗಿ ಮಿನುಗುತ್ತಿತ್ತು. ಅದರ ಹಲ್ಲುಗಳ ಸಂದಿಯಲ್ಲಿ ಒಂದು ಎಳೆಯೂ ಇರಲಿಲ್ಲ.

ಪೊಳ್ಳಾಚಿಯಿಂದ ವಾಲ್ಪಾರೈಗೆ ಬಸ್ಸು ಬೆಟ್ಟ ಹತ್ತುವಾಗ ಒಂದೊಂದು ತಿರುವಿನಲ್ಲೂ ಹೊಸ ಹಾಸಿನ ಸುರುಳಿಯನ್ನು ಮಡಿಲಲ್ಲಿ ಅವುಚಿಕೊಂಡು ಬಂದವಳು ಅವಳು. ಈಗ ಅದನ್ನು ಕೆಳಗಿಟ್ಟು, ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅಚ್ಚಿನ ಆಚೆ ಒಬ್ಬ ಯುವಕ ನಿಂತಿದ್ದ. ಸ್ವೆಟರಿನ ತೋಳು ಮೇಲೆ ಸರಿಸಿಕೊಂಡು, ಹೊಗಳಿಕೆಗೆ ಕಾಯುವ ಮುಖ ಮಾಡಿಕೊಂಡಿದ್ದ.

"ಲಾರಿಯಿಂದ ಇಳಿಸಿದಾಗ ಒಂದೇ ಧೂಳು, ಒಂದೇ ಸಿಕ್ಕು. ಎಲ್ಲಾ ನಾನೇ ಕತ್ತರಿಸಿ ಕ್ಲೀನ್ ಮಾಡಿದೆ" ಎಂದು ತಮಿಳಿನಲ್ಲಿ ಹೇಳಿದ.

ಪಂಕಜಂ ಅಪ್ಪನ ಕಡೆ ತಿರುಗಿದಳು. ಮಲೆಯ ಮೇಲೆ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಿಂದ, ಮನೆಯ ಮಾತಾದ ಕನ್ನಡದಲ್ಲೇ ಕೇಳಿದಳು. "ಅಪ್ಪ, ಈ ಕೋತಿ ಕೈಗೆ ಕತ್ತರಿ ಕೊಟ್ಟೋರು ಯಾರು?"

"ನಮ್ಮಮ್ಮನೇಂಗ" ಎಂದ ಯುವಕ, ಅದೇ ಕನ್ನಡದಲ್ಲಿ, ಕೊನೆಗೆ ಮರ್ಯಾದೆಯ 'ಂಗ' ಸೇರಿಸಿ. "ನಮ್ಮ ಜವಳಿ ಅಂಗಡಿ ಕತ್ತರಿ."

ಪಕ್ಕದ ಕೋಣೆಯಲ್ಲಿ ಯಾರೋ ಹಾರ್ಮೋನಿಯಂ ಮೇಲೆ ಸರಿಗಮ ಒತ್ತುತ್ತಿದ್ದರು. ಪಂಕಜಂಳ ಕಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ಕೆನ್ನೆ. ಯುವಕನ ಮುಖದಲ್ಲಿ ಕೋಪವಿರಲಿಲ್ಲ. ಕೋತಿ ಎನಿಸಿಕೊಂಡರೂ ಮನೆಮಾತು ಕೇಳಿದ ಸಂತೋಷ ಇತ್ತು. ಅದನ್ನು ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಕತ್ತರಿಸಿದ ಎಳೆ ಎಲ್ಲಿ?"

"ಅಂಗಡಿ ಕಸದ ಬುಟ್ಟಿಗೆ ಹಾಕಿದೆ. ಅದು ಹೋಗಿರತ್ತೆ." ಈಗ ಅವನ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. "ಯಾಕುಂಗ, ಬೇಕಾಗಿತ್ತಾ?"

ಪಂಕಜಂ ಅಚ್ಚನ್ನು ಮೆಲ್ಲಗೆ ಮಗ್ಗದ ಮೇಲಿಟ್ಟು ಕಿಟಕಿಯ ಕಡೆ ಮುಖ ಮಾಡಿ ನಿಂತುಬಿಟ್ಟಳು.

ಯಾಕೆಂದು ಹೇಳಿದ್ದು ಅಪ್ಪ ಗೋವಿಂದಸಾಮಿ. ನೇಕಾರರ ಮನೆಯಲ್ಲಿ ಮಗ್ಗವನ್ನು ಯಾವತ್ತೂ ಬರಿದು ಮಾಡುವುದಿಲ್ಲ. ಒಂದು ಹಾಸು ಮುಗಿದಾಗ ಅದರ ಬಾಲವನ್ನು ಮೊಳದುದ್ದ ಅಚ್ಚಿನಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸಿ ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿದ್ದು ಮುಂದೆ ಎಳೆದರೆ ಹೊಸದು ಹಳೆಯದರ ಹಿಂದೆ ತಾನಾಗಿ ಬರುತ್ತದೆ. ಈ ಮಗ್ಗದಲ್ಲಿ ಇದ್ದ ಬಾಲ ಅವಳ ಅಮ್ಮ ರುಕ್ಮಣಿ ಏರಿಸಿದ ಕೊನೆಯ ಹಾಸಿನದು. ಹಾಸು ಏರಿಸಿದ ತಿಂಗಳಲ್ಲೇ ಅವಳು ತೀರಿಕೊಂಡಳು. ಉಳಿದದ್ದನ್ನು ಪಂಕಜಂ ನೇಯ್ದು ಮುಗಿಸಿ, ಬಾಲವನ್ನು ಬಿಟ್ಟು ಸುತ್ತಿಟ್ಟಳು. ಆಮೇಲೆ ಆ ಮಗ್ಗಕ್ಕೆ ಯಾರೂ ಕೂತಿರಲಿಲ್ಲ.

"ಸುಮ್ನೆ ಇದ್ದರೆ ಮರ ಹುಳ ಹಿಡಿಯತ್ತೆ. ನಿಮ್ಮ ಡ್ರಾಯಿಂಗ್ ವಾದ್ಯಾರು ಮಗ್ಗ ಕೇಳಿದ್ರು, ನಾನು ಸೆರಿ ಅಂದೆ" ಎಂದರು ಗೋವಿಂದಸಾಮಿ. "ಮಗಳು ಒಂದೇ ಮಾತು ಹೇಳಿದ್ಲು. ಅಮ್ಮನ ಎಳೆಗೆ ನಾನೇ ಕೆಚ್ಚಿ ಕೊಟ್ಟು ಬರ್ತೀನಿ ಅಂತ."

ಶಣ್ಮುಗಂ ಎಂಬ ಆ ಯುವಕ ಗೋಡೆಗೆ ಒರಗಿ ನಿಂತ. ಅವನ ಕೈಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. "ನಮ್ಮ ತಾತನೂ ನೇಕಾರರೇ" ಎಂದ ಸಣ್ಣಗೆ. "ಮಗ್ಗ ಬಿಟ್ಟು ಜವಳಿ ಮೂಟೆ ಹೊತ್ಕೊಂಡು ಈ ಎಸ್ಟೇಟಿಗೆ ಬಂದ್ರು. ನನಗೆ ಮೀಟರು ಅಳೆಯೋದು ಬಿಟ್ರೆ ಏನೂ ಗೊತ್ತಿಲ್ಲ."

ಅದು ಎಂಬತ್ತೈದನೆಯ ಇಸವಿ, ಪೊಂಗಲ್ ಮುಗಿದ ವಾರ. ಒಂದು ಕಾಲಕ್ಕೆ ಟೀ ಪೆಟ್ಟಿಗೆಗಳ ಗೋದಾಮಾಗಿದ್ದ ಕಟ್ಟಡಕ್ಕೆ ಸುಣ್ಣ ಬಳಿದು, ನಿವೃತ್ತ ಡ್ರಾಯಿಂಗ್ ಮೇಷ್ಟರು ಸೆಲ್ಲಪ್ಪನ್ ವಾದ್ಯಾರು ಊರಿನವರನ್ನು ಕಾಡಿ ಬೇಡಿ ಕಲಾಮನ್ರಂ ಎಂಬ ಕಲಾಶಾಲೆ ಮಾಡಿದ್ದರು. ಒಂದು ಕೋಣೆಯಲ್ಲಿ ಸಂಗೀತ, ಒಂದರಲ್ಲಿ ಚಿತ್ರ, ಒಂದರಲ್ಲಿ ಹೊಲಿಗೆ ಯಂತ್ರ. ಎಸ್ಟೇಟಿನ ಹುಡುಗಿಯರಿಗೆ ನೇಯ್ಗೆಯನ್ನೂ ಕಲಿಸಬೇಕೆಂದು ಅವರ ಆಸೆ. ಭಾನುವಾರ ಪ್ರಾರಂಭೋತ್ಸವ. ಇವತ್ತು ಬುಧವಾರ.

"ಮಗ್ಗ ವಾಪಸ್ ಲಾರಿಗೆ ಏರಿಸೋಣ, ಅಮ್ಮಣಿ" ಎಂದರು ಗೋವಿಂದಸಾಮಿ. "ಮನಸ್ಸಿಲ್ಲದ ಕೆಲಸ ಬೇಡ."

ಪಂಕಜಂ ಕಣ್ಣು ಒರೆಸಿಕೊಂಡು ತಿರುಗಿದಳು. ಅವಳಿಗೆ ಅಳು ಬಂದರೆ ಬೇಗ ಹೋಗುತ್ತಿತ್ತು, ಹಠ ಬಂದರೆ ಹೋಗುತ್ತಿರಲಿಲ್ಲ.

"ಬೇಡಪ್ಪ. ಮೊದಲಿಂದ ಹೂಡ್ತೀನಿ. ಒಂದೊಂದು ಎಳೆನೂ ಹುರಿಯ ಕಣ್ಣಲ್ಲಿ ತೂರಿಸಿ ಅಚ್ಚಿಗೆ ಎಳೀತೀನಿ. ಆ ಕಡೆ ಕೂತು ಎಳೆ ಎತ್ತಿ ಕೊಡಕ್ಕೆ ಒಬ್ಬರು ಬೇಕು." ಶಣ್ಮುಗಂ ಕಡೆ ಗಲ್ಲ ಎತ್ತಿ ತೋರಿಸಿದಳು. "ಕತ್ತರಿಸಿದೋರೇ ಕೊಡಲಿ."

"ಅಂಗಡಿ ಯಾರು ನೋಡ್ತಾರೆ?" ಎಂದು ಶಣ್ಮುಗಂ ಕೇಳಲೇ ಇಲ್ಲ. ಆಗಲೇ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಿದ್ದ.

ನಮ್ಮ ಜನ ಊರಿಗೆ ಬಂದು ಲಾಡ್ಜಿನಲ್ಲಿ ಇರುವುದೇ ಎಂದು ಅವನ ಅಮ್ಮ ಜಾನಮ್ಮ ಮಧ್ಯಾಹ್ನಕ್ಕೇ ಬಂದು ಅಪ್ಪ ಮಗಳನ್ನು ಮನೆಗೆ ಕರೆದುಕೊಂಡು ಹೋದಳು. ಅಂಗಡಿಯ ಹಿಂದೆಯೇ ಮನೆ. ಎಲೆ ಹಾಕಿ, ಅನ್ನ ಬಡಿಸಿ, ತುಪ್ಪ ಬಿಡುವ ಮುಂಚೆಯೇ ಕೇಳಿಬಿಟ್ಟಳು.

"ನೀವು ಯಾವ ಕುಲಂಗ?"

ಅಪ್ಪ ಮಗಳ ಊರಾದ ನೆಗಮಂನಲ್ಲಾಗಲಿ ಕೊಯಮತ್ತೂರಿನಲ್ಲಾಗಲಿ, ಕನ್ನಡ ಮಾತಾಡುವ ಇಬ್ಬರು ನೇಕಾರ ಮನೆಯವರು ಎದುರಾದರೆ ಮೊದಲು ಬರುವ ಪ್ರಶ್ನೆ ಇದು. ಒಂದೇ ಕುಲವಾದರೆ ಆ ಮನೆಯ ಮಕ್ಕಳೆಲ್ಲ ಅಣ್ಣ ತಂಗಿಯರು, ಅಲ್ಲಿಗೆ ಮಾತು ಮುಗಿಯಿತು. ಪಂಕಜಂ ಅನ್ನ ಕಲಸುತ್ತಿದ್ದಳು. ಸಾರು ಹಾಕದ ಅನ್ನವನ್ನು ಅಷ್ಟು ಶ್ರದ್ಧೆಯಿಂದ ಯಾಕೆ ಕಲಸುತ್ತಿದ್ದಳೋ. ಎದುರು ಎಲೆಯಲ್ಲಿ ಶಣ್ಮುಗಂ ನೀರಿನ ಲೋಟ ಬಾಯಿಗಿಟ್ಟುಕೊಂಡು ಕುಡಿಯದೆ ಹಿಡಿದಿದ್ದ. ಬೆಳಗ್ಗೆ ತಾನು ಕೋತಿ ಎಂದು ಬೈದವನ ಕುಲ ತನಗೆ ಯಾಕೆ ಬೇಕು ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಕಿವಿ ಮಾತ್ರ ಅಪ್ಪನ ಬಾಯಿಯ ಕಡೆಗೇ ಇತ್ತು.

ಅಪ್ಪ ಕುಲದ ಹೆಸರು ಹೇಳಿದರು. ಜಾನಮ್ಮ ತುಪ್ಪದ ಚಮಚ ಗಾಳಿಯಲ್ಲಿ ನಿಲ್ಲಿಸಿ ಲೆಕ್ಕ ಹಾಕಿದಳು. "ಅಂಗಾದ್ರೆ ನೀವು ನಮಗೆ ಹೆಣ್ಣು ಕೊಟ್ಟು ತರೋ ಮನೆ" ಎಂದು ತುಪ್ಪ ಬಿಟ್ಟಳು.

ಶಣ್ಮುಗಂ ಆಗ ನೀರು ಕುಡಿದ. ಒಂದೇ ಗುಟುಕಿಗೆ ಪೂರ್ತಿ ಲೋಟ ಕುಡಿದ.

"ಹೆಣ್ಣಿಗೆ ಆಗಲೇ ನೋಡಿ ಆಯ್ತುಂಗ" ಎಂದರು ಗೋವಿಂದಸಾಮಿ, ಸಹಜವಾಗಿ. "ತಿರುಪ್ಪೂರಿನವರು. ಬನಿಯನ್ ಕಂಪೆನಿ ಇಟ್ಟಿದ್ದಾರೆ. ಮುಂದಿನ ವಾರ ಶುಕ್ರವಾರ ಹೂ ಮುಡಿಸಿ ನಿಶ್ಚಯ ಮಾಡಕ್ಕೆ ಬರ್ತಾರೆ. ಅವರ ಮನೇಲಿ ಹೆಂಗಸರು ಮಗ್ಗಕ್ಕೆ ಕೂರಲ್ಲ, ಅದಕ್ಕೇ ಈ ಮಗ್ಗ ಇಲ್ಲಿಗೆ ಬಂತು."

"ಸಂತೋಷಂಗ" ಎಂದಳು ಜಾನಮ್ಮ. ಅವಳ ದನಿಯಲ್ಲಿ ಸಂತೋಷ ಅಷ್ಟೇನೂ ಇರಲಿಲ್ಲ. ಊಟವಾದ ಮೇಲೆ ಪಂಕಜಂಳನ್ನು ಕೂರಿಸಿಕೊಂಡು, ತಾನೇ ಕಟ್ಟಿದ ಕನಕಾಂಬರದ ದಂಡೆ ಮುಡಿಸಿದಳು. "ತಾಯಿ ಇಲ್ಲದ ಕೂಸು" ಎಂದು ಜಡೆಯ ಮೇಲೆ ಕೈ ಆಡಿಸಿದಳು. ಬೆನ್ನು ತಿರುಗಿಸಿ ಕೂತಿದ್ದು ಒಳ್ಳೆಯದಾಯಿತು, ಕಣ್ಣೀರು ಕಾಣಲಿಲ್ಲ ಎಂದುಕೊಂಡಳು ಪಂಕಜಂ.

ಎಳೆ ಕೊಡುವ ಕೆಲಸ ನೋಡಲು ಏನೂ ಅಲ್ಲ. ಮಗ್ಗದ ನಡುವೆ ನೂಲಿನ ಹುರಿಗಳು ಪರದೆಯಂತೆ ಇಳಿಬಿದ್ದಿರುತ್ತವೆ. ಒಂದೊಂದು ಹುರಿಗೂ ನಡುವೆ ಒಂದು ಸಣ್ಣ ಕಣ್ಣು. ಪರದೆಯ ಆ ಕಡೆ ಕೂತವರು ಹಾಸಿನಿಂದ ಒಂದು ಎಳೆ ಬಿಡಿಸಿ ಹಿಡಿಯಬೇಕು. ಈ ಕಡೆ ಕೂತವರು ಕಣ್ಣಿನೊಳಗೆ ಕೊಕ್ಕೆ ತೂರಿಸಿ ಅದನ್ನು ಎಳೆದುಕೊಳ್ಳಬೇಕು. ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಇಬ್ಬರ ಮುಖಕ್ಕೂ ನಡುವೆ ಒಂದು ಗೇಣು ಜಾಗ. ಇಂಥ ಕೆಲಸಕ್ಕೆ ಪ್ರಾಯದ ಇಬ್ಬರನ್ನು ಯಾರೂ ಕೂರಿಸುವುದಿಲ್ಲ. ಗೋವಿಂದಸಾಮಿಗೂ ಅದು ಗೊತ್ತಿತ್ತು. ಆದ್ದರಿಂದ ಅವರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಕಂಬಳಿ ಹೊದ್ದು ಕಾವಲು ಕೂತರು. ಮಲೆಯ ಚಳಿಗೆ ಹದಿನೈದು ನಿಮಿಷದಲ್ಲಿ ಗೊರಕೆ ಹೊಡೆದರು.

"ಎರಡು ಎಳೆ ಹಿಡಿದಿದ್ದೀರಿ" ಎಂದಳು ಪಂಕಜಂ.

"ಒಂದೇ ಇದೆಯಲ್ಲಾ."

"ಕಣ್ಣು ಬಿಟ್ಟು ನೋಡಿಂಗ."

ಅವನು ಕಣ್ಣು ಬಿಟ್ಟು ನೋಡಿದ. ಎಳೆಯನ್ನಲ್ಲ. ಹುರಿಗಳ ಸಂದಿಯಲ್ಲಿ ಅವಳ ಒಂದು ಕಣ್ಣು, ಮೂಗುಬೊಟ್ಟು, ತುಟಿಯ ಒಂದು ಮೂಲೆ ಕಾಣುತ್ತಿತ್ತು. ಅವಳು ಸರಿದಾಗ ಅದು ಹೋಗಿ, ಹಣೆಯ ಕುಂಕುಮ ಕಾಣುತ್ತಿತ್ತು. ಒಂದು ಮುಖವನ್ನು ತುಂಡು ತುಂಡಾಗಿ ನೋಡಿ ಮನಸ್ಸಿನಲ್ಲಿ ಜೋಡಿಸುವುದು ಜವಳಿ ಅಂಗಡಿಯವನಿಗೆ ಹೊಸ ಕೆಲಸ.

"ಎಳೆ ನೋಡಿ ಅಂದೆ" ಎಂದಳು ಅವಳು.

"ಅದೇ ನೋಡ್ತಾ ಇದ್ದೀನಿ."

"ಎಳೆಗೆ ಕುಂಕುಮ ಇರಲ್ಲ."

ಕೊಕ್ಕೆ ಕಣ್ಣಿನಿಂದ ಆಚೆ ಹೋಗಿ ಅವನ ಬೆರಳಿಗೆ ಮೆಲ್ಲಗೆ ಚುಚ್ಚಿತು. ಅದು ಕೈತಪ್ಪಿಯೋ ಬೇಕೆಂದೋ ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಗುರುವಾರ ಮಂಜು ಕಿಟಕಿಯೊಳಗೇ ಬಂತು. ಗಂಜಿ ಹಾಕಿ ಒಣಗಿಸಿ ತಂದಿದ್ದ ಹಾಸು ತೇವ ಕುಡಿದು ಮೆತ್ತಗಾಗತೊಡಗಿತು. ನೆಗಮಂನ ಬಿಸಿಲಿನಲ್ಲಿ ಬೆಳೆದವಳಿಗೆ ಹೀಗೂ ಆಗುತ್ತದೆ ಎಂದು ಹೊಳೆದೇ ಇರಲಿಲ್ಲ. ಅವಳು ಹಾಸನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಂತೆ ಶಣ್ಮುಗಂ ಎದ್ದು ಹೋದ. ಬಂದಾಗ ಅವನ ಕೈಯಲ್ಲಿ ಕೆಂಡ ತುಂಬಿದ ಇದ್ದಿಲ ಒಲೆ ಇತ್ತು. ಹಾಸಿನ ಕೆಳಗೆ ದೂರದಲ್ಲಿಟ್ಟು, ಕಿಡಿ ಹಾರದಂತೆ ತಗಡು ಅಡ್ಡ ಹಿಡಿದು, ಅಂಗೈಯಿಂದ ಬಿಸಿ ನೋಡುತ್ತಾ ಕೂತ.

"ಸಾಕಾ, ಇನ್ನೂ ಹತ್ರ ತರಲಾ?"

"ಸಾಕುಂಗ" ಎಂದಳು. ಅವನನ್ನು ಬೈಯಲು ಏನೂ ಸಿಗದಿದ್ದದ್ದು ಅದೇ ಮೊದಲು.

ಆವತ್ತು ಅವನು ತನ್ನ ಅಂಗಡಿಯ ಮಾತು ಹೇಳಿದ. ಎಲ್ಲರಿಗೂ ಪಾಲಿಯೆಸ್ಟರ್ ಬೇಕು, ಒಗೆದರೆ ಸಾಕು, ಇಸ್ತ್ರಿ ಬೇಡ. ಅವನಿಗೆ ಮಾತ್ರ ತಾನು ದಿನವೂ ಹರಿಯುವ ಬಟ್ಟೆ ಎಲ್ಲಿ ಹುಟ್ಟುತ್ತದೆ ಎಂದು ನೋಡುವ ಆಸೆ. ಅದಕ್ಕೇ ವಾದ್ಯಾರು ಮಗ್ಗ ತರಿಸುತ್ತೇನೆ ಎಂದಾಗ ಎಲ್ಲರಿಗಿಂತ ಮುಂಚೆ ಕೈಯೆತ್ತಿದ.

"ನೋಡಿದ ಮೇಲೆ?"

"ಕತ್ತರಿ ಹಿಡಿಯಕ್ಕೇ ಭಯ ಆಗತ್ತೆ."

ಪಂಕಜಂ ನಕ್ಕಳು. ನಕ್ಕ ಮೇಲೆ ಅಪ್ಪನ ಕಡೆ ನೋಡಿದಳು. ಗೊರಕೆ ನಿಂತಿತ್ತು, ಆದರೆ ಕಣ್ಣು ಮುಚ್ಚೇ ಇತ್ತು. ಆಮೇಲೆ ಅವಳೂ ಹೇಳಿದಳು. ತಿರುಪ್ಪೂರಿನವರು ಒಳ್ಳೆಯವರಂತೆ. ಹುಡುಗನನ್ನು ಒಂದು ಸಲ ಮದುವೆಯೊಂದರಲ್ಲಿ ದೂರದಿಂದ ನೋಡಿದ್ದಾಳೆ. ಸ್ಕೂಟರ್ ಇದೆ. ಬೇಡ ಎನ್ನಲು ಕಾರಣ ಒಂದೂ ಇಲ್ಲ.

"ಬೇಕು ಅನ್ನಕ್ಕೆ?" ಎಂದ ಶಣ್ಮುಗಂ.

"ಎಳೆ ಕೊಡಿಂಗ" ಎಂದಳು ಪಂಕಜಂ.

ಅವನು ಕೊಟ್ಟ ಎಳೆಯನ್ನು ಅವಳು ಎಳೆದುಕೊಂಡಳು. ಅವನು ತುದಿಯನ್ನು ಬಿಡಲು ಸ್ವಲ್ಪ ತಡ ಮಾಡಿದ. ಎಳೆ ಇಬ್ಬರ ನಡುವೆ ಬಿಗಿಯಾಗಿ ನಿಂತಿತು. ಅವಳಿಗೆ ಎದೆಯಲ್ಲಿ ಏನೋ ಹಾಗೆಯೇ ಬಿಗಿಯಾಯಿತು, ಮತ್ತು ಅದು ಅವಳಿಗೆ ಇಷ್ಟವಾಯಿತು.

ಶುಕ್ರವಾರ ಸಂಜೆ, ದೀಪ ಹಚ್ಚುವ ಮುಂಚೆ, ಜಾನಮ್ಮ ಹೊಸ ದಂಡೆ ಕೊಟ್ಟಳು. ಪಂಕಜಂ ಬಾಡಿದ ಹಳೆಯ ದಂಡೆಯನ್ನು ಜಡೆಯಿಂದ ಬಿಡಿಸಿದಳು. ಒಣಗಿದ ಕನಕಾಂಬರ ಉದುರಿತು, ದಾರ ಕೈಯಲ್ಲಿ ಉಳಿಯಿತು. ಅರಗಿನ ಕೆಂಪು ದಾರ. ಗಂಜಿ ಕುಡಿದು ಬಿರುಸಾದ ಮಗ್ಗದ ನೂಲು.

ಅಮ್ಮ ಏರಿಸಿದ ಕೊನೆಯ ಹಾಸಿನ ಅಂಚು ಅರಗಿನ ಕೆಂಪು.

ಅವಳು ಅಂಗಳಕ್ಕೆ ಬಂದಳು. ಶಣ್ಮುಗಂ ಕೆಂಡದ ಒಲೆಯ ಬೂದಿ ಚೆಲ್ಲುತ್ತಿದ್ದ. ಅವಳು ದಾರವನ್ನು ಅವನ ಅಂಗೈಯಲ್ಲಿಟ್ಟಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಬೆರಳಲ್ಲಿ ತಿರುವಿ ನೋಡಿದ. ಮೂರು ದಿನ ಎಳೆ ಹಿಡಿದ ಬೆರಳಿಗೆ ಅದು ಏನೆಂದು ಗೊತ್ತಾಯಿತು.

"ಕಸದ ಬುಟ್ಟಿಲಿ ಒಳ್ಳೆ ನೂಲು ಸಿಕ್ತು ಅಂತ ಅಮ್ಮ..." ಎಂದು ನಿಲ್ಲಿಸಿದ.

"ಮೂರು ದಿನ ಮುಡಿದುಕೊಂಡೇ ಓಡಾಡಿದ್ದೀನಿ" ಎಂದಳು ಪಂಕಜಂ. "ನನಗೆ ಗೊತ್ತೇ ಆಗಲಿಲ್ಲ ನೋಡಿ. ನಮ್ಮಮ್ಮ ಅಂತ ಗೊತ್ತೇ ಆಗಲಿಲ್ಲ."

ಅವನ ಮೇಲೆ ಕೋಪ ಬಂದಿದ್ದರೆ ಸುಲಭವಾಗಿತ್ತು. ಅವಳಿಗೆ ಬಂದದ್ದು ತನ್ನ ಮೇಲೆಯೇ. ಮೂರು ದಿನ ನಗುತ್ತಾ, ಕುಂಕುಮ ಸರಿ ಮಾಡಿಕೊಳ್ಳುತ್ತಾ, ಮುಂದಿನ ಶುಕ್ರವಾರ ಹೂ ಮುಡಿಸಲು ಬರುವವರನ್ನು ಮರೆತು ಕೂತಿದ್ದಳಲ್ಲ. ಅವಳು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಶನಿವಾರ ಎಳೆ ಕೊಡಲು ಶಣ್ಮುಗಂ ಬರಲಿಲ್ಲ.

ಅಪ್ಪ ಬಂದು ಪರದೆಯ ಆಚೆ ಕೂತರು. ಅವರಿಗೆ ಕಣ್ಣು ಸರಿಯಾಗಿ ಕಾಣದಿದ್ದರೂ ಬೆರಳಿಗೆ ಎಲ್ಲ ಗೊತ್ತು. ಒಂದು ಎಳೆಯೂ ತಪ್ಪಲಿಲ್ಲ, ಕೆಲಸ ಎರಡರಷ್ಟು ಬೇಗ ಸಾಗಿತು. ಹುರಿಯ ಸಂದಿಯಲ್ಲಿ ಅಪ್ಪನ ಬಿಳಿ ಮೀಸೆ ಕಾಣುತ್ತಿತ್ತು. ಪಂಕಜಂಗೆ ಪ್ರತಿ ಸಲ ಬಾಗಿಲಲ್ಲಿ ಚಪ್ಪಲಿ ಸದ್ದಾದಾಗ ಕೊಕ್ಕೆ ತಪ್ಪುತ್ತಿತ್ತು.

"ಎಲ್ಲಿ ಹೋದ್ರಂತೆ?" ಎಂದು ಕೊನೆಗೆ ಕೇಳಿದಳು, ಯಾರದೋ ಮಾತು ಎಂಬಂತೆ.

"ಯಾರು?" ಎಂದರು ಅಪ್ಪ.

ಅವಳು ಮತ್ತೆ ಕೇಳಲಿಲ್ಲ. ಹೆದರಿ ಓಡಿಹೋಗಿದ್ದಾನೆ ಎಂದುಕೊಂಡಳು. ಓಡಿಹೋದರೆ ಹೋಗಲಿ, ಭಾನುವಾರ ಮುಗಿದರೆ ಸೋಮವಾರ ಬೆಳಗಿನ ಬಸ್ಸು ಎಂದುಕೊಂಡಳು. ಹಾಗೆಂದುಕೊಂಡಾಗ ಆದ ನೋವು ಅಮ್ಮನ ಎಳೆಯದಲ್ಲ, ಅದು ಬೇರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಒಂದು ಬದಿಯ ಅಂಚಿನ ಎಳೆಗಳು ಮಾತ್ರ ಉಳಿದಿದ್ದವು. ಸೊಂಟ ನೋಯುತ್ತಿತ್ತು.

ಬಿಸಿಲು ಟೀ ತೋಟದ ಆಚೆ ಇಳಿಯುವ ಹೊತ್ತಿಗೆ ಅವನು ಬಂದ. ಸ್ವೆಟರಿಗೆಲ್ಲ ಒಣ ಹೂವಿನ ಪುಡಿ ಅಂಟಿತ್ತು. ಕೈಯಲ್ಲಿ ಟಿಫನ್ ಡಬ್ಬಿ.

ಹಿಂದೆಯೇ ಜಾನಮ್ಮ ಬಂದು ಬಾಗಿಲಲ್ಲಿ ನಿಂತಳು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. "ಒಂದು ವಾರದಿಂದ ನಾನು ಕಟ್ಟಿದ ಹೂ ಎಲ್ಲೆಲ್ಲಿ ಕೊಟ್ಟೆ ಅಂತ ಬೆಳಗ್ಗೆ ಬೆಳಗ್ಗೆ ಎಬ್ಬಿಸಿ ಕೇಳಿದ, ಕಣ್ಣೇ. ಕೋಯಿಲ್‌ಗೆ ಹೋಗಿ ಸ್ವಾಮಿ ಮೇಲಿಂದ ಇಳಿಸಿದ ಒಣ ಹಾರ ಕೇಳಿ ತಂದ. ಆಸ್ಪತ್ರೆ ನರ್ಸಮ್ಮ ಮುಡಿದು ಬಿಸಾಕಿದ್ದನ್ನ ಬೇಲಿಲಿ ಹುಡುಕಿದ. ಪೊಳ್ಳಾಚಿ ಬಸ್ಸಿನ ಡ್ರೈವರು ಕನ್ನಡಿಗೆ ಒಂದು ಮೊಳ ಕಟ್ಟಿದ್ದ ನೋಡು, ಆ ಬಸ್ಸು ಹಿಂದೆ ಬರೋವರೆಗೆ ಬಸ್‌ಸ್ಟಾಂಡಲ್ಲೇ ಕೂತಿದ್ದ."

"ಡ್ರೈವರು ಏನಂದ?" ಎಂದರು ಗೋವಿಂದಸಾಮಿ ಕುತೂಹಲದಿಂದ.

"ಮೂಳೆ ಸರಿ ಇದೆಯಾ ಅಂದ" ಎಂದ ಶಣ್ಮುಗಂ. ಮೂಳೆ ಎಂದರೆ ತಮಿಳಿನಲ್ಲಿ ಮಿದುಳು. ಗೋವಿಂದಸಾಮಿ ಬಾಯಿ ತುಂಬ ನಕ್ಕರು.

ಪಂಕಜಂ ನಗಲಿಲ್ಲ. ಡಬ್ಬಿ ತೆರೆದಳು. ತೊಳೆದು, ನೆರಳಲ್ಲಿ ಒಣಗಿಸಿ, ಸಿಕ್ಕು ಬಿಡಿಸಿ ಒಂದರ ಪಕ್ಕ ಒಂದಾಗಿ ಮಲಗಿಸಿದ ಎಳೆಗಳು. ಕೆಂಪು ಎಳೆಗಳು ಮಾತ್ರ. ಹೂವಿನ ಗಂಟು ಇದ್ದ ಕಡೆಯೆಲ್ಲ ನೂಲು ಸುರುಳಿಯಾಗಿ ನಿಂತಿತ್ತು.

"ಉಳಿದದ್ದು ಸಿಗಲಿಲ್ಲ" ಎಂದ. "ಎಷ್ಟು ಬರತ್ತೋ ಗೊತ್ತಿಲ್ಲ."

ಅವಳು ಎಳೆಗಳನ್ನು ಬೆರಳಿನಿಂದ ಸರಿಸಿ ನೋಡಿದಳು. ಕಣ್ಣು ತುಂಬಿತು, ಆದರೂ ಲೆಕ್ಕ ತಪ್ಪಲಿಲ್ಲ. "ಒಂದು ಅಂಚಿಗೆ ಬರತ್ತೆ" ಎಂದಳು. ಆಮೇಲೆ ಅಪ್ಪನ ಕಡೆ ತಿರುಗದೆಯೇ, "ಅಪ್ಪ, ನೀವು ಏಳಿಂಗ. ಅವರು ಕೂರಲಿ" ಎಂದಳು.

ಗೋವಿಂದಸಾಮಿ ಎದ್ದರು. ಜಾನಮ್ಮನ ಮುಖ ನೋಡಿದರು, ಜಾನಮ್ಮ ಅವರ ಮುಖ ನೋಡಿದಳು. ಇಬ್ಬರೂ ಟೀ ಕುಡಿಯಲು ಹೋದರು.

ಕೆಂಪು ಎಳೆಗಳನ್ನು ಕಣ್ಣಿನಲ್ಲಿ ತೂರಿಸಿ ಅಚ್ಚಿಗೆ ಎಳೆದ ಮೇಲೆ, ಅವುಗಳ ಹಿಂದಿನ ತುದಿಗೆ ಹೊಸ ಹಾಸಿನ ನೀಲಿ ಎಳೆಗಳನ್ನು ಕೆಚ್ಚಬೇಕಿತ್ತು. ಪಂಕಜಂ ಈಗ ಮಗ್ಗದ ಹಿಂದಕ್ಕೆ ಬಂದು ಅವನ ಪಕ್ಕದಲ್ಲೇ ಕೂತಳು. ನಡುವೆ ಪರದೆ ಇರಲಿಲ್ಲ. ಬೂದಿ ಮುಟ್ಟಿದ ಬೆರಳಿನಲ್ಲಿ ಎರಡು ತುದಿ ಸೇರಿಸಿ ಹೊಸೆದು ತೋರಿಸಿದಳು.

"ಗಂಟು ಹಾಕಬಾರದು. ಗಂಟು ಹಾಕಿದ್ರೆ ಅಚ್ಚಲ್ಲಿ ಸಿಕ್ಕೊಳತ್ತೆ. ಇಂಗೆ ಹೊಸೆದು, ಮಲಗಿಸಿಬಿಡಬೇಕು."

ಅವನು ಹೊಸೆದ. ಎಳೆದಾಗ ಬಿಟ್ಟುಕೊಂಡಿತು. ಮತ್ತೆ ಹೊಸೆದ.

"ಪಂಕಜಂ" ಎಂದ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ತಿರುಪ್ಪೂರಿನವರ ಹತ್ರ ಸ್ಕೂಟರ್ ಇದೆ. ನನಗೆ ಸೈಕಲ್ಲೂ ಇಲ್ಲ, ಈ ಮಲೇಲಿ ಓಡಿಸಕ್ಕೂ ಆಗಲ್ಲ. ಆದ್ರೆ ನಿಮ್ಮನ್ನ ಮಗ್ಗದಿಂದ ಏಳಿಸಲ್ಲ. ನಿಮ್ಮ ಮೇಲೆ ಮನಸ್ಸಾಗಿದೆ. ಬುಧವಾರ ಕೋತಿ ಅಂದ್ರಲ್ಲ, ಆವಾಗ್ಲಿಂದ. ಹೇಳದೆ ಬಸ್ಸು ಹತ್ತಿಸಿದ್ರೆ ನನಗೆ ಜೀವಮಾನವೆಲ್ಲ ಅದೇ ಕೊರಗು ಇರತ್ತೆ. ಅದಕ್ಕೆ ಹೇಳಿದೆ. ಬೇಡ ಅಂದ್ರೆ ಸುಮ್ನೆ ಎಳೆ ಕೊಡ್ತೀನಿ."

ಅವಳು ತಲೆ ಎತ್ತಲಿಲ್ಲ. ಅವನು ಕೆಚ್ಚಿದ ಎಳೆಯನ್ನು ತೆಗೆದುಕೊಂಡು ಎರಡೂ ಬದಿಗೆ ಎಳೆದು ನೋಡಿದಳು. ಈ ಸಲ ಹಿಡಿದುಕೊಂಡಿತ್ತು. ಕೆಂಪು ಎಲ್ಲಿ ಮುಗಿಯಿತು, ನೀಲಿ ಎಲ್ಲಿ ಶುರುವಾಯಿತು ಎಂದು ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ.

"ಇದು ಸೆರಿಯಾಗಿದೆ" ಎಂದಳು. "ಇನ್ನೊಂದು ಮಾಡಿಂಗ."

ಅಷ್ಟೇ ಅಂದಳು. ಅವಳ ಭುಜ ಅವನ ಸ್ವೆಟರಿನ ತೋಳಿಗೆ ತಾಗಿತ್ತು, ಅವಳು ಸರಿದುಕೊಳ್ಳಲಿಲ್ಲ. ಅವನಿಗೆ ಉಸಿರಾಡಲೂ ಭಯ. ಎಲ್ಲಿ ಅಲ್ಲಾಡಿದರೆ ಹೋಗಿಬಿಡುತ್ತದೋ ಎಂದು.

ಭಾನುವಾರ ಕಲಾಮನ್ರಂಗೆ ಬಾಳೆಕಂಬ ಕಟ್ಟಿದರು. ಎಸ್ಟೇಟಿನ ಹೆಂಗಸರು ಬಣ್ಣದ ಸೀರೆಯುಟ್ಟು ಸಾಲಾಗಿ ಬಂದು, ಸಂಗೀತದ ಕೋಣೆಯಲ್ಲಿ ಸ್ವಲ್ಪ ನಿಂತು, ಚಿತ್ರದ ಕೋಣೆಯಲ್ಲಿ ಸ್ವಲ್ಪ ನಿಂತು, ಮಗ್ಗದ ಕೋಣೆಗೆ ಬಂದ ಮೇಲೆ ಅಲ್ಲಿಂದ ಹೊರಡಲೇ ಇಲ್ಲ. ಪಂಕಜಂ ಲಾಳಿ ಎಸೆದಳು. ಕಾಲು ತುಳಿದಂತೆ ಹುರಿ ಮೇಲೆ ಕೆಳಗೆ ಆಡಿತು. ಅಚ್ಚು ಬಡಿದ ಸದ್ದಿಗೆ ಹಳೆಯ ಗೋದಾಮಿನ ತಗಡು ಸೂರು ಪ್ರತಿ ಸಲ ಸಣ್ಣಗೆ ಗುನುಗಿತು.

ಸೆಲ್ಲಪ್ಪನ್ ವಾದ್ಯಾರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಏನಮ್ಮಾ, ಈ ಕಡೆ ಅಂಚು ಕೆಂಪು, ಆ ಕಡೆ ನೀಲಿ. ತಪ್ಪಾಯಿತಾ?" ಎಂದು ತಮಿಳಿನಲ್ಲಿ ಕೇಳಿದರು.

"ಇಲ್ಲಂಗ. ಸ್ವಲ್ಪ ದೂರ ಹೋದ ಮೇಲೆ ಇದೂ ನೀಲಿಯಾಗುತ್ತದೆ" ಎಂದಳು ಪಂಕಜಂ.

ಗುಂಪಿನ ಹಿಂದೆ ಶಣ್ಮುಗಂ ನಿಂತಿದ್ದ. ಅವಳು ಒಂದು ಸಲ ತಲೆ ಎತ್ತಿ ಅವನನ್ನು ಇಡಿಯಾಗಿ ನೋಡಿದಳು. ಕೈ ಮಾತ್ರ ನಿಲ್ಲಲಿಲ್ಲ.

ಸೋಮವಾರ ಬೆಳಗ್ಗೆ ಬಸ್‌ಸ್ಟಾಂಡಿಗೆ ಹೊರಡುವ ಮುಂಚೆ ಅವಳು ಶಣ್ಮುಗಂನನ್ನು ಮಗ್ಗದ ಬಳಿ ಕರೆದಳು. ಬಟ್ಟೆ ನಾಲ್ಕು ಬೆರಳಷ್ಟೇ ನೇಯ್ದಾಗಿತ್ತು. ಕೆಂಪೂ ನೀಲಿಯೂ ಸೇರುವ ಜಾಗ ಇನ್ನೂ ಅಚ್ಚಿನ ಹಿಂದೆಯೇ ಇತ್ತು.

"ಆ ಕೆಚ್ಚು ಅಚ್ಚು ದಾಟುವಾಗ ಲಾಳಿ ನನ್ನ ಕೈಯಲ್ಲೇ ಇರಬೇಕು. ಅಲ್ಲೀವರೆಗೆ ಇದರಲ್ಲಿ ಯಾರನ್ನೂ ಕೂರಿಸಬೇಡಿಂಗ. ತೇವ ಆಗದಂಗೆ ದಿನಾ ಕೆಂಡ ಇಡಿ."

"ದಿನಾನಾ? ಎಷ್ಟು ದಿನ?"

"ನೀವು ನಿಮ್ಮಮ್ಮನ ಕರ್ಕೊಂಡು ನೆಗಮಂಗೆ ಯಾವತ್ತು ಬರ್ತೀರೋ, ಅದನ್ನ ನೋಡಿ ಹೇಳ್ತೀನಿ."

ಅವನ ಮುಖದಲ್ಲಿ ಏನಾಯಿತೆಂದು ನೋಡಲು ಅವಳು ನಿಲ್ಲಲಿಲ್ಲ. ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ದೊಡ್ಡ ಕತ್ತರಿಯನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಜಾನಮ್ಮ ನೋಡುತ್ತಾ ನಿಂತಿದ್ದಳು.

"ಇದು ನನ್ನತ್ರ ಇರಲಿ, ಅತ್ತೆ" ಎಂದಳು ಪಂಕಜಂ. "ನಾನು ಬರೋ ತನಕ."

ಬುಧವಾರದಿಂದ ಅಮ್ಮ ಅಮ್ಮ ಎಂದು ಕರೆಯುತ್ತಿದ್ದವಳು ಅತ್ತೆ ಎಂದದ್ದು 'ಕೊಟ್ಟು ತರೋ ಮನೆ' ಎಂದ ಜಾನಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೂರಿಸಿ ಹೂ ಮುಡಿಸಿದಳು. ದಂಡೆ ಎರಡು ಸಲ ಜಾರಿತು. "ಈ ಸಲ ಬಾಳೆ ನಾರಲ್ಲಿ ಕಟ್ಟಿದ್ದೀನಿ, ಕಣ್ಣೇ. ಇನ್ನು ಮೇಲೆ ನೂಲು ಮುಟ್ಟಲ್ಲ."

ಬಸ್ಸು ಮೊದಲ ತಿರುವು ಇಳಿಯಿತು. ಶಣ್ಮುಗಂ ಬಸ್‌ಸ್ಟಾಂಡಿನಲ್ಲಿ ಕೈ ಬೀಸಲೂ ಮರೆತು ನಿಂತಿದ್ದದ್ದು ಇನ್ನೂ ಅವಳ ಕಣ್ಣಲ್ಲಿತ್ತು. ಡ್ರೈವರಿನ ಕನ್ನಡಿಗೆ ಕಟ್ಟಿದ್ದ ಹೂ ಇರಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಪಕ್ಕದಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು. ನೆಗಮಂ ನೇಕಾರರಿಗೆ ಮನಸ್ಸಿಲ್ಲದ ಮನೆಗೆ ಯಾರಾದರೂ ಕರೆದರೆ ಹೇಳಲು ಒಂದೇ ಮಾತು ಇದೆ. ಅದನ್ನು ಕೇಳಿದ ಮೇಲೆ ಯಾರೂ ಬಲವಂತ ಮಾಡುವುದಿಲ್ಲ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗೋವಿಂದಸಾಮಿ ಅದನ್ನು ಎಷ್ಟೋ ಮದುವೆಗಳಿಗೆ ಹೇಳಿ ತಪ್ಪಿಸಿಕೊಂಡಿದ್ದರು.

"ತಿರುಪ್ಪೂರಿನವರಿಗೆ ಏನು ಹೇಳಲಿ, ಅಮ್ಮಣಿ?" ಎಂದರು.

ಪಂಕಜಂ ಚೀಲವನ್ನು ಎದೆಗೆ ಒತ್ತಿಕೊಂಡಳು. ಒಳಗೆ ಕತ್ತರಿ ತಣ್ಣಗಿತ್ತು.

"ಮಗ್ಗದಲ್ಲಿ ಹಾಸು ಇದೆ ಅಂತ ಹೇಳಿಂಗಪ್ಪ."

ಗೋವಿಂದಸಾಮಿ ತಲೆಯಾಡಿಸಿ, ಕಂಬಳಿಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡರು. ಕೆಳಗೆ ಆಳಿಯಾರು ಅಣೆಕಟ್ಟಿನ ನೀರಿನ ಮೇಲೆ ಬಿಸಿಲು ಬಿದ್ದಿತ್ತು.